ಓಬವ್ವನ ಕ್ಲಾಸ್ ಯಾವುದು?

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಕೋಟೆಗೆ ಹೋಗೋದಿದೆ. ಅದಕ್ಕೂ ಮೊದಲು ಒಂದು ವಾಟ್ಸ್‌ಆಪ್ ಜಗಳದ ಕಥೆ ಹೇಳ್ಬೇಕು, ಯಾಕಂದ್ರೆ ಈ ಎಪಿಸೋಡ್ ಹುಟ್ಟಿದ್ದೇ ಅಲ್ಲಿ.

ನಾವು ನಾಲ್ಕು ಜನ ಗೆಳೆಯರು. ನಾನು ಚಿತ್ರದುರ್ಗದೋನು. ಮಿಕ್ಕ ಮೂವರದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಬಿಕಾಂ ಒಟ್ಟಿಗೆ ಓದಿದ್ವಿ, ಆಮೇಲೆ ಕೆಲಸ ಹುಡುಕ್ಕೊಂಡು ಒಬ್ಬೊಬ್ಬರು ಒಂದೊಂದು ದಿಕ್ಕು. ರಾತ್ರಿ ಹತ್ತು ಗಂಟೆಗೆ ಒಂದು ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್‌ನಲ್ಲಿ ಮಾತ್ರ ನಾಲ್ಕೂ ಜನ ಸೇರ್ತಿದ್ವಿ. ಗೇಮ್ ಹೆಸರು ಬೇಡ, ಬಿಡಿ.

ಬರೀ ಬಿಜಿಎಂಐ ಆಡಿದೋರಿಗೆ ಒಂದು ಮಾತು. ಅಲ್ಲಿ ಇಳಿದಾಗ ಎಲ್ಲರೂ ಒಂದೇ. ಸಿಕ್ಕಿದ ಗನ್ ಎತ್ಕೊಂಡು ಹೊಡೀತಾ ಹೋಗೋದು. ರೋಲ್ ಪ್ಲೇಯಿಂಗ್ ಗೇಮ್ ಹಾಗಲ್ಲ. ನಿಮ್ಮ ಪಾತ್ರಕ್ಕೆ ಒಂದು ಕಸುಬು ಇರುತ್ತೆ. ಕತ್ತಿ ಹಿಡಿದು ಮುಂದೆ ನಿಲ್ಲೋನು, ಬಾಣ ಬಿಡೋನು, ಮಂತ್ರ ಹಾಕೋನು, ಗಾಯ ವಾಸಿ ಮಾಡೋನು. ಇದಕ್ಕೆ ಕ್ಲಾಸ್ ಅಂತಾರೆ. ಕತ್ತಿ ಹಿಡಿದೋನು ಮಂತ್ರ ಕಲಿಯೋ ಹಾಗಿಲ್ಲ, ಮಂತ್ರದೋನು ಭಾರದ ಕವಚ ತೊಡೋ ಹಾಗಿಲ್ಲ. ಹೊಳಲ್ಕೆರೆಯೋನು ನಮ್ಮ ವೈದ್ಯ. ಎರಡು ವರ್ಷ ಹಿಂದೆ ನಿಂತು ನಮ್ಮನ್ನ ಬದುಕಿಸಿದ್ದೇ ಬದುಕಿಸಿದ್ದು. ಒಂದು ಸಲನೂ ಅವನ ಹೆಸರು ಸ್ಕೋರ್ ಪಟ್ಟಿಯ ಮೇಲ್ಗಡೆ ಬರ್ಲಿಲ್ಲ, ಆದ್ರೆ ಅವನು ಆನ್‌ಲೈನ್ ಬರದೆ ನಾವು ಆಟ ಶುರು ಮಾಡ್ತಿರ್ಲಿಲ್ಲ.

ಹೀಗಿರೋವಾಗ ಒಂದು ಅಪ್‌ಡೇಟ್ ಬಂತು. ಇನ್ಮೇಲೆ ಯಾರು ಬೇಕಾದ್ರೂ ಯಾವ ವಿದ್ಯೆ ಬೇಕಾದ್ರೂ ಕಲೀಬಹುದು, ಅದೂ ಎಷ್ಟು ಬೇಕಾದ್ರೂ. ಹಿರಿಯೂರಿನೋನು ಕುಣಿದಾಡಿಬಿಟ್ಟ. ಒಂದೇ ವಾರದಲ್ಲಿ ಕತ್ತಿ, ಬಿಲ್ಲು, ಮಂತ್ರ, ಔಷಧಿ ಎಲ್ಲಾ ಅವನದೇ. ನಾವೂ ಹಾಗೇ ಮಾಡಿದ್ವಿ. ಹೊಳಲ್ಕೆರೆಯೋನು ಬರೋದು ನಿಲ್ಲಿಸಿದ. ನಾಚಿಕೆ ಆಗೋ ವಿಷಯ ಏನಂದ್ರೆ, ಅವನು ಬಂದಿಲ್ಲ ಅಂತ ನಮಗೆ ಗೊತ್ತಾಗಿದ್ದು ಮೂರು ದಿನ ಆದ್ಮೇಲೆ. ಯಾಕಂದ್ರೆ ನಮ್ಮ ಗಾಯ ನಾವೇ ವಾಸಿ ಮಾಡ್ಕೊಳ್ತಿದ್ವಿ.

ಆಮೇಲೆ ಗ್ರೂಪ್‌ನಲ್ಲಿ ಜಗಳ. ಗೇಮ್‌ನಲ್ಲಿ ವಿದ್ಯೆಗೆ ಮಿತಿ ಇರ್ಬೇಕಾ, ಬೇಡ್ವಾ? ನಾನು ಇರ್ಲೇಬೇಕು ಅಂದೆ. ಮಿತಿ ಇದ್ರೇನೇ ಒಬ್ಬನಿಗೆ ಇನ್ನೊಬ್ಬ ಬೇಕಾಗೋದು ಅಂತ ದೊಡ್ಡದಾಗಿ ಬರೆದೆ. ಅಷ್ಟಕ್ಕೇ ಸುಮ್ಮನಿರ್ಬೇಕಿತ್ತು. ಇತಿಹಾಸದ ಪಾಡ್‌ಕಾಸ್ಟ್ ಮಾಡೋ ಜಂಬ, ಒಂದು ಉದಾಹರಣೆನೂ ಸೇರಿಸಿದೆ: “ನಮ್ಮ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರು ಇರ್ಲಿಲ್ವೇನ್ರೋ? ಒಬ್ಬೊಬ್ಬರದು ಒಂದೊಂದು ಕಸುಬು, ಊರು ಎಷ್ಟು ಚೆನ್ನಾಗಿ ನಡೀತಿತ್ತು!”

ಹೊಸದುರ್ಗದೋನು ಅಲ್ಲೀವರೆಗೆ ಒಂದು ಮಾತೂ ಆಡಿರ್ಲಿಲ್ಲ. ಅವನಿಂದ ಒಂದು ಮೆಸೇಜ್ ಬಂತು. “ನಮ್ಮ ತಾತ ತೋಟಿ ಕೆಲಸ ಮಾಡ್ತಿದ್ದ ಕಣೋ. ಅವನಿಗೆ ಯಾರಾದ್ರೂ ಕ್ಲಾಸ್ ಸೆಲೆಕ್ಟ್ ಮಾಡೋ ಸ್ಕ್ರೀನ್ ತೋರಿಸಿದ್ರಾ?”

ಗ್ರೂಪ್ ಅವತ್ತು ಅಲ್ಲಿಗೇ ತಣ್ಣಗಾಯ್ತು. ನನ್ನ ಹತ್ರ ಉತ್ತರ ಇರ್ಲಿಲ್ಲ. ಒಂದು ತಿಂಗಳು ಓದಿ, ಕೋಟೆ ಎರಡು ಸಲ ಹತ್ತಿ ಇಳಿದು, ಈಗ ಸ್ವಲ್ಪ ಇದೆ ಅನ್ಸುತ್ತೆ.

ಮೊದಲು ಗೇಮ್‌ಗಳ ಕಡೆಯಿಂದ ಬರೋಣ. ಈ ಕ್ಲಾಸ್ ಅನ್ನೋ ಕಲ್ಪನೆ ಕಂಪ್ಯೂಟರ್‌ನಲ್ಲಿ ಹುಟ್ಟಿದ್ದಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನೋ ಆಟ ಹೊರತಂದ್ರು. ಕಾಗದ, ಪೆನ್ಸಿಲ್, ದಾಳ, ಬಾಯಿಮಾತು, ಇಷ್ಟೇ ಸಾಮಾನು. ಅದರಲ್ಲಿ ಇದ್ದದ್ದು ಮೂರೇ ಕ್ಲಾಸ್: ಕಾದಾಡೋನು, ಮಾಂತ್ರಿಕ, ಪೂಜಾರಿ. ಮಾಂತ್ರಿಕನ ಕೈಗೆ ಬಾಕು ಬಿಟ್ಟು ಬೇರೆ ಆಯುಧ ಇಲ್ಲ. ಪೂಜಾರಿ ಹರಿತವಾದ ಆಯುಧ ಮುಟ್ಟೋ ಹಾಗಿಲ್ಲ. ಗದೆ, ದೊಣ್ಣೆ ಥರದ್ದು ನಡೆಯುತ್ತೆ. ಇದನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ, ದೊಣ್ಣೆ ಮತ್ತೆ ಬರುತ್ತೆ. ಮಾರನೇ ವರ್ಷ, 1975ರಲ್ಲಿ, ಒಂದು ಪುರವಣಿ ಪುಸ್ತಕದಲ್ಲಿ ಕಳ್ಳ ಅನ್ನೋ ಕ್ಲಾಸೂ ಸೇರ್ತು.

ಅದೇ 1974ರ ನಿಯಮದಲ್ಲಿ ಇನ್ನೊಂದು ಮಾತಿತ್ತು. ಮನುಷ್ಯ ಅಲ್ಲದ ಜನಾಂಗಗಳ ಪಾತ್ರ ನೀವು ತಗೋಬಹುದು. ಆದ್ರೆ ಡ್ವಾರ್ಫ್ ಅನ್ನೋ ಕುಳ್ಳರ ಜನಾಂಗದಲ್ಲಿ ಹುಟ್ಟಿದ್ರೆ ಕಾದಾಡೋ ಕ್ಲಾಸ್ ಮಾತ್ರ, ಅದೂ 6ನೇ ಲೆವೆಲ್ ತನಕ. ಹಾಬಿಟ್ ಆದ್ರೆ 4ಕ್ಕೇ ನಿಲ್ಲಬೇಕು. ಎಷ್ಟೇ ಚೆನ್ನಾಗಿ ಆಡಿ, ಎಷ್ಟೇ ರಾಕ್ಷಸರನ್ನ ಕೊಲ್ಲಿ, ಮೇಲಕ್ಕೆ ದಾರಿ ಇಲ್ಲ. ಮನುಷ್ಯ ಪಾತ್ರಕ್ಕೆ ಮಾತ್ರ ಇಂಥ ತಡೆ ಇಲ್ಲ. ಇದನ್ನ ಓದಿದಾಗ ಹೊಸದುರ್ಗದೋನ ಮೆಸೇಜ್ ಕಣ್ಮುಂದೆ ಬಂತು. ಈ ನಿಯಮ ಪೂರ್ತಿ ಹೋಗಿದ್ದು 2000ದಲ್ಲಿ, ಆಟದ ಮೂರನೇ ಆವೃತ್ತಿ ಬಂದಾಗ. ಯಾವ ಜನಾಂಗದೋನು ಯಾವ ಕ್ಲಾಸ್ ಬೇಕಾದ್ರೂ ತಗೋಬಹುದು, ಎಷ್ಟು ಬೇಕಾದ್ರೂ ಬೆಳೀಬಹುದು. ಒಂದು ಕಾಲ್ಪನಿಕ ಲೋಕದ ಕುಳ್ಳರಿಗೆ ಸಮಾನತೆ ಸಿಗೋಕೂ 26 ವರ್ಷ ಹಿಡೀತು ನೋಡಿ.

ಈಗ ನಮ್ಮ ಆಯಗಾರರ ವಿಷಯ. ಮಾರ್ಕ್ ವಿಲ್ಕ್ಸ್ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ ಇದ್ದ. ಮೈಸೂರಿನ ಇತಿಹಾಸದ ಬಗ್ಗೆ ಅವನ ಪುಸ್ತಕದ ಮೊದಲ ಸಂಪುಟ ಬಂದಿದ್ದು 1810ರಲ್ಲಿ. ಅದರಲ್ಲಿ ಹಳ್ಳಿಯ ಹನ್ನೆರಡು ಆಯಗಾರರ ವಿವರ ಇದೆ. ಊರಿಂದೂರಿಗೆ ಪಟ್ಟಿ ಸ್ವಲ್ಪ ಆಚೀಚೆ ಆಗುತ್ತೆ, ಆದ್ರೆ ಹೆಚ್ಚುಕಮ್ಮಿ ಇಷ್ಟು: ಗೌಡ, ಶ್ಯಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ. ಸುಗ್ಗಿ ಕಾಲದಲ್ಲಿ ಕಣದಲ್ಲಿ ರಾಶಿ ಬಿದ್ದಾಗ ಇವರಿಗೆಲ್ಲ ಒಂದೊಂದು ಪಾಲು ಕಾಳು ಸಲ್ಲಬೇಕು. ಆ ಪಾಲೇ ಆಯ. ಕೆಲವರಿಗೆ ಉಂಬಳಿ ಜಮೀನೂ ಇರ್ತಿತ್ತು.

ನಾನು ಬಿಕಾಂ ಓದಿದೋನು, ಹಾಗಾಗಿ ಮೊದಲು ಲೆಕ್ಕವೇ ಕಣ್ಣಿಗೆ ಬೀಳೋದು. ಲೆಕ್ಕದಲ್ಲಿ ನೋಡಿದ್ರೆ ಇದು ಜಾಣ ವ್ಯವಸ್ಥೆನೇ. ನಮ್ಮ ಚಿತ್ರದುರ್ಗದ ಕಡೆ ಮಳೆ ಕಮ್ಮಿ, ಕೆರೆ ನೀರಿನ ಮೇಲೆ ಊರು ಬದುಕ್ಬೇಕು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡ್ಕೊಳ್ಳೋಕೆ ಒಬ್ಬ ನೀರಗಂಟಿ ಇಲ್ಲದೇ ಹೋದ್ರೆ ದಿನಾ ಹೊಡೆದಾಟ. ಎಲ್ಲರೂ ಕಮ್ಮಾರಿಕೆ ಕಲಿಯೋ ಅಗತ್ಯ ಇಲ್ಲ, ಊರಿಗೊಬ್ಬ ಇದ್ರೆ ಸಾಕು. ನಮ್ಮ ಗೇಮ್‌ನ ನಾಲ್ಕು ಜನರ ತಂಡದ ಹಾಗೇ.

ಆದ್ರೆ ಪುಸ್ತಕದಲ್ಲಿ ಕಾಣದೇ ಇರೋದು ಹೊಸದುರ್ಗದೋನ ಮೆಸೇಜ್‌ನಲ್ಲಿ ಕಾಣ್ತು. ತೋಟಿಯ ಮಗ ತೋಟಿ. ಊರಿನ ಸುದ್ದಿ ಸಾರೋದು, ಗಡಿ ಕಾಯೋದು, ಅಧಿಕಾರಿ ಬಂದ್ರೆ ಗಂಟು ಹೊರೋದು. ಅವನ ಮೇಲೆ ಊರು ಅವಲಂಬಿಸಿತ್ತು, ನಿಜ. ಹಾಗಂತ ಶ್ಯಾನುಭೋಗನ ಪಕ್ಕ ಕೂರಿಸಿದ್ರಾ? ಗೇಮ್‌ನಲ್ಲಿ ವೈದ್ಯನಿಗೂ ಕತ್ತಿಯೋನಿಗೂ ಲೂಟಿಯಲ್ಲಿ ಸಮಪಾಲು. ಹಳ್ಳಿಯಲ್ಲಿ ಯಾರ ಪಾಲು ಎಷ್ಟು, ಯಾರು ಎಲ್ಲಿ ನಿಂತು ಅದನ್ನ ಇಸ್ಕೊಳ್ಬೇಕು ಅನ್ನೋದೂ ಹುಟ್ಟಿನಲ್ಲೇ ತೀರ್ಮಾನ ಆಗಿರ್ತಿತ್ತು. ಆಟ ಬೇಸರ ಆದ್ರೆ ಹೊಸ ಪಾತ್ರ ಮಾಡ್ಕೊಳ್ಳೋಕೂ ಇಲ್ಲ, ಲಾಗ್ ಔಟ್ ಆಗೋಕೂ ಇಲ್ಲ.

ಈ ಬೀಗವನ್ನ ಕಾನೂನು ಒಡೆದಿದ್ದು ತೀರಾ ಇತ್ತೀಚೆಗೆ. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನ ರದ್ದು ಮಾಡೋ ಕಾಯ್ದೆಯನ್ನ ಆಗಿನ ಮೈಸೂರು ರಾಜ್ಯ ಮಾಡಿದ್ದು 1961ರಲ್ಲಿ, ಜಾರಿಗೆ ಬಂದಿದ್ದು 1963ರಲ್ಲಿ. ನಮ್ಮ ತಾತಂದಿರು ಯುವಕರಾಗಿದ್ದ ಕಾಲ ಅದು. ಹೊಸದುರ್ಗದೋನ ಮನೆಯವರು ತಮ್ಮ ಹೊಲಕ್ಕೆ ಇವತ್ತಿಗೂ ತೋಟಿ ಇನಾಂ ಅಂತಲೇ ಅನ್ನೋದು. ಪಾತ್ರ ಅಳಿಸಿಹೋದ್ರೂ ಹೊಲದ ಹೆಸರಲ್ಲಿ ಹಾಗೇ ಉಳ್ಕೊಂಡಿದೆ.

ಹಾಗಾದ್ರೆ ಮಿತಿಗಳೆಲ್ಲ ಕೆಟ್ಟದ್ದು, ಕಿತ್ತು ಬಿಸಾಕೋಣ ಅಂತೀರಾ? ಹಿರಿಯೂರಿನೋನ ವಾದ ಅದೇ ಆಗಿತ್ತು. ಅದನ್ನೂ ಒಂದು ಗೇಮ್ ಪರೀಕ್ಷೆ ಮಾಡಿ ನೋಡಿದೆ.

1997ರ ಸೆಪ್ಟೆಂಬರ್‌ನಲ್ಲಿ ‘ಅಲ್ಟಿಮಾ ಆನ್‌ಲೈನ್’ ಶುರುವಾಯ್ತು. ಸಾವಿರಾರು ಜನ ಒಂದೇ ಲೋಕದಲ್ಲಿ ಒಟ್ಟಿಗೆ ಆಡೋ ಗೇಮ್‌ಗಳಲ್ಲಿ ದೊಡ್ಡ ಹೆಸರು ಮಾಡಿದ ಮೊದಲಿನವುಗಳಲ್ಲಿ ಒಂದು. ಅದರಲ್ಲಿ ಕ್ಲಾಸೇ ಇಲ್ಲ. ಮೀನು ಹಿಡೀತಾ ಇದ್ರೆ ಮೀನು ಹಿಡಿಯೋದು ಬರುತ್ತೆ, ಕತ್ತಿ ಬೀಸ್ತಾ ಇದ್ರೆ ಕತ್ತಿ ವಿದ್ಯೆ ಹೆಚ್ಚುತ್ತೆ. ಮಾಡ್ತಾ ಮಾಡ್ತಾ ಕಲಿಯೋದು. ಈ ಯೋಚನೆ 1978ರ ‘ರೂನ್‌ಕ್ವೆಸ್ಟ್’ ಅನ್ನೋ ಕಾಗದದ ಆಟದಲ್ಲೇ ಇತ್ತು. ಅಲ್ಟಿಮಾದಲ್ಲಿ ಮೊದಲಿಗೆ ಒಂದೊಂದು ವಿದ್ಯೆ 100ರ ತನಕ ಏರ್ತಿತ್ತು. ಆದ್ರೆ ಎಲ್ಲಾ ವಿದ್ಯೆ ಸೇರಿ ಒಟ್ಟು 700 ದಾಟೋ ಹಾಗಿರ್ಲಿಲ್ಲ.

ಈ 700 ನನಗೆ ತುಂಬಾ ಹಿಡಿಸ್ತು. ಇದು ಸಂಬಳ ಇದ್ದ ಹಾಗೆ. ಏನು ಬೇಕಾದ್ರೂ ಕೊಳ್ಳಿ, ಎಲ್ಲಾನೂ ಕೊಳ್ಳೋಕಾಗಲ್ಲ. ಅರ್ಥಶಾಸ್ತ್ರದ ಮೇಷ್ಟ್ರು ಅವಕಾಶ ವೆಚ್ಚ ಅಂತ ಬೋರ್ಡ್ ಮೇಲೆ ಬರೆದಾಗ ತಲೆಗೆ ಹೋಗದೇ ಇದ್ದದ್ದು ಇಲ್ಲಿ ಹೋಯ್ತು. ಮುಂದೆ ಆ ಗೇಮ್‌ನಲ್ಲಿ ಪ್ರತಿ ವಿದ್ಯೆಯ ಮುಂದೆ ಒಂದು ಚಿಕ್ಕ ಗುರುತು ಇಡೋ ಸೌಲಭ್ಯವೂ ಬಂತು. ಮೇಲ್ಮುಖದ ಬಾಣ ಇಟ್ರೆ ಏರಬಹುದು, ಕೆಳಮುಖದ ಬಾಣ ಇಟ್ರೆ ಇಳೀಬಹುದು, ಬೀಗ ಹಾಕಿದ್ರೆ ಇದ್ದಲ್ಲೇ ಇರುತ್ತೆ. 700 ತುಂಬಿದ ಮೇಲೆ ಹೊಸದು ಕಲೀಬೇಕಂದ್ರೆ ಹಳೇದು ಯಾವುದನ್ನ ಮರೀಬೇಕು ಅಂತ ನೀವೇ ಬಾಣ ಇಡ್ಬೇಕು. ಕಮ್ಮಾರ ಬೇಜಾರಾಗಿ ಸಂಗೀತ ಕಲೀಬಹುದು. ನಿಧಾನಕ್ಕೆ ಸುತ್ತಿಗೆ ಮರೆತುಹೋಗುತ್ತೆ, ಅಷ್ಟೇ.

ಹಾಗಂತ ಅದು ಸ್ವರ್ಗ ಆಗಿರ್ಲಿಲ್ಲ. ಬಾಗಿಲು ಪೂರ್ತಿ ತೆರೆದಿಟ್ರೆ ಜನ ಏನು ಮಾಡ್ತಾರೆ? ಅತ್ಯಂತ ಬಲವಾದ ಒಂದು ಜೋಡಣೆ ಹುಡುಕ್ತಾರೆ, ಎಲ್ಲರೂ ಅದನ್ನೇ ತಗೋತಾರೆ. ಅಲ್ಟಿಮಾದಲ್ಲಿ ಅದಕ್ಕೆ ‘ಟ್ಯಾಂಕ್ ಮೇಜ್’ ಅಂತ ಹೆಸರೇ ಬಿತ್ತು. ಒಂದು ಕೈಯಲ್ಲಿ ಮಂತ್ರ, ಇನ್ನೊಂದರಲ್ಲಿ ಭಾರೀ ಆಯುಧ. 700ರ ಮಿತಿ ಇದ್ದೂ ಹೀಗಾಯ್ತು. ಮಿತಿನೇ ಇಲ್ಲದೇ ಇದ್ದಿದ್ರೆ? ನಮ್ಮ ಗ್ರೂಪ್‌ಗೆ ಆದದ್ದೇ. ನಾಲ್ಕು ಜನ, ನಾಲ್ಕೂ ಒಂದೇ ಪಾತ್ರ, ಒಬ್ಬನಿಗೂ ಇನ್ನೊಬ್ಬ ಬೇಕಾಗಿಲ್ಲ. ಇಷ್ಟರ ಮಟ್ಟಿಗೆ ನಾನು ಜಗಳದಲ್ಲಿ ಹೇಳಿದ್ದು ಸರಿನೇ. ತಪ್ಪಿದ್ದು ಆಯಗಾರರನ್ನ ಹೊಗಳಿದ್ದರಲ್ಲಿ.

ಸರಿ, ಈಗ ಕೋಟೆ ಹತ್ತೋಣ.

ಚಿತ್ರದುರ್ಗದ ನಾಯಕರ ವಂಶ ಶುರುವಾಗೋದು ತಿಮ್ಮಣ್ಣ ನಾಯಕನಿಂದ. ಬೇಡರ ಮನೆತನ. ವಿಜಯನಗರದವರ ಕೈಕೆಳಗೆ ಹೊಳಲ್ಕೆರೆ, ಹಿರಿಯೂರು ಕಡೆ ನಾಯಕತನ ಸಿಕ್ಕಿ, ಆಮೇಲೆ ದುರ್ಗ ಕೈಗೆ ಬಂತು ಅಂತ ಹೇಳ್ತಾರೆ. ಅವನ ಬಗ್ಗೆ ಒಂದು ಐತಿಹ್ಯ ಇದೆ. ತೇದಿ ಇಸವಿ ತಾಳೆ ಹಾಕೋಕೆ ಹೋಗ್ಬೇಡಿ, ಕಥೆ ಕೇಳಿ. ವಿಜಯನಗರದ ಪಾಳೆಯಕ್ಕೆ ರಾತ್ರಿ ನುಗ್ಗಿ ಒಂದು ಒಳ್ಳೇ ಕುದುರೆ ಕದಿಯೋಕೆ ಹೋದನಂತೆ. ಲಾಯದೋನಿಗೆ ಎಚ್ಚರ ಆಯ್ತು, ಇವನು ಹುಲ್ಲಿನಡಿ ಅಡಗಿದ. ಲಾಯದೋನು ಕುದುರೆ ಕಟ್ಟೋ ಗೂಟವನ್ನ ಮತ್ತೆ ನೆಲಕ್ಕೆ ಹೊಡೆದಾಗ ಅದು ತಿಮ್ಮಣ್ಣನ ಅಂಗೈಯಲ್ಲೇ ಇಳೀತು. ಉಸಿರೆತ್ತಲಿಲ್ಲ. ಎಲ್ಲ ಮಲಗಿದ ಮೇಲೆ ತನ್ನ ಕೈಯನ್ನ ತಾನೇ ಕತ್ತರಿಸ್ಕೊಂಡು ಕುದುರೆ ಏರಿ ಹೋದ. ಈ ಗಟ್ಟಿತನಕ್ಕೆ ಶಿಕ್ಷೆ ಸಿಗ್ಲಿಲ್ಲ, ಮರ್ಯಾದೆ ಸಿಕ್ತು ಅನ್ನೋದು ಕಥೆಯ ತಿರುಳು.

ಗೇಮ್ ಭಾಷೆಯಲ್ಲಿ ಹೇಳಿದ್ರೆ ಕಳ್ಳನ ಕ್ಲಾಸ್‌ನಲ್ಲಿ ಶುರು ಮಾಡಿ ರಾಜನ ಲೆವೆಲ್‌ಗೆ ಹೋದ. ಅವನ ವಂಶದವರು ಇನ್ನೂರು ವರ್ಷ ಆಳಿದ್ರು. ಹೊಸದುರ್ಗದ ಬೆಟ್ಟದ ಮೇಲಿನ ಕೋಟೆ ಕಟ್ಟಿಸಿದ್ದೂ ಅದೇ ವಂಶದ ಚಿಕ್ಕಣ್ಣ ನಾಯಕ, 17ನೇ ಶತಮಾನದಲ್ಲಿ. ಪಾಳೇಗಾರರ ಕಾಲದಲ್ಲಿ ಕತ್ತಿ ಹಿಡಿದೋನಿಗೆ ಮಾತ್ರ ಬೀಗ ಸ್ವಲ್ಪ ಸಡಿಲ ಇತ್ತು ಅಂತ ನನ್ನ ಅಂದಾಜು. ಬೇಟೆಗಾರ ಸೈನಿಕ ಆಗಬಹುದಿತ್ತು, ಸೈನಿಕ ನಾಯಕ ಆಗಬಹುದಿತ್ತು. ನೀರು ತರೋ ಹೆಂಗಸು?

ಒನಕೆ ಕಿಂಡಿ ನೋಡಿದೋರಿಗೆ ಗೊತ್ತು. ದೊಡ್ಡ ದೊಡ್ಡ ಬಂಡೆಗಳ ನಡುವೆ ಒಂದು ಸಂದು. ಒಬ್ಬ ಮೈ ಕುಗ್ಗಿಸ್ಕೊಂಡು ತೂರಬಹುದು, ಇಬ್ಬರು ಒಟ್ಟಿಗೆ ಆಗಲ್ಲ. ಹತ್ತಿರದಲ್ಲೇ ತಣ್ಣೀರು ದೋಣಿ, ನೀರಿರೋ ಜಾಗ. ಹೈದರಾಲಿ ಕೋಟೆಗೆ ಮುತ್ತಿಗೆ ಹಾಕಿದ್ದ ಕಾಲ. ಆ ಕಡೆ ಕಾವಲಿದ್ದ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದ, ಹೆಂಡತಿ ಓಬವ್ವ ಕುಡಿಯೋ ನೀರು ತರೋಕೆ ಹೋದಳು. ಸಂದಿಯಿಂದ ಹೈದರನ ಸೈನಿಕರು ಒಬ್ಬೊಬ್ಬರೇ ನುಸುಳ್ತಾ ಇದ್ರು. ಅವಳು ಒನಕೆ ಹಿಡಿದು ಪಕ್ಕದಲ್ಲಿ ನಿಂತಳು. ತಲೆ ಹೊರಗೆ ಬಂದ ಹಾಗೆ ಒಂದು ಏಟು, ಹೆಣ ಆಚೆ ಎಳೆದು ಹಾಕಿ ಇನ್ನೊಂದು ತಲೆಗೆ ಕಾಯೋದು.

ಈ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಬಂದಿದ್ದು ಪಠ್ಯಪುಸ್ತಕದಿಂದಲೂ ಅಲ್ಲ, ಸಿನಿಮಾದಿಂದ. ತ.ರಾ.ಸು. ಕಾದಂಬರಿ ಆಧರಿಸಿ 1972ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ‘ನಾಗರಹಾವು’. ಅದರಲ್ಲಿ ಜಯಂತಿ ಓಬವ್ವ. ನಮ್ಮಮ್ಮನಿಗೆ ಇವತ್ತಿಗೂ ಓಬವ್ವ ಅಂದ್ರೆ ಜಯಂತಿ ಮುಖನೇ. ಅದಕ್ಕೂ ಮುಂಚೆ ಈ ಕಥೆಯನ್ನ ಉಳಿಸಿದ್ದು ದುರ್ಗದ ಜನರ ಬಾಯಿ. ಒಬ್ಬೊಬ್ಬರ ಬಾಯಲ್ಲಿ ಕೊನೆ ಒಂದೊಂದು ಥರ: ಗಂಡ ಬಂದು ಕಹಳೆ ಊದಿದ, ಹಿಂದಿನಿಂದ ಬಂದ ಸೈನಿಕ ಅವಳನ್ನ ಕೊಂದ, ಅಷ್ಟು ಹೆಣ ನೋಡಿ ಅವಳ ಎದೆ ಒಡೀತು. 2021ರಿಂದ ನವೆಂಬರ್ 11ಕ್ಕೆ ಸರ್ಕಾರ ಓಬವ್ವ ಜಯಂತಿ ಆಚರಿಸ್ತಿದೆ.

ಈಗ ನನ್ನ ಪ್ರಶ್ನೆ. ದುರ್ಗದ ಕೋಟೆಯನ್ನ ಒಂದು ಗೇಮ್ ಅಂದ್ಕೊಳ್ಳಿ. ಓಬವ್ವನ ಕ್ಲಾಸ್ ಯಾವುದು? ಯಾವುದೂ ಇಲ್ಲ. ಕಾವಲುಗಾರ ಅವಳ ಗಂಡ. ಅವಳು ಚಲವಾದಿ ಕುಲದ, ನೀರು ತರೋ ಒಬ್ಬ ಗೃಹಿಣಿ. ಗೇಮ್‌ನಲ್ಲಿ ಇಂಥವರು ಹಿನ್ನೆಲೆಯಲ್ಲಿ ಕೊಡ ಹೊತ್ತು ಓಡಾಡ್ತಾ ಇರ್ತಾರೆ, ತಲೆ ಮೇಲೆ ಹೆಸರು ಕೂಡ ಇರಲ್ಲ. 1974ರ ಪುಸ್ತಕ ತೆಗೆದು ನೋಡಿದ್ರೆ ಒನಕೆ ದೊಣ್ಣೆ ಜಾತಿಗೆ ಸೇರಿದ್ದು, ಹಾಗಾಗಿ ಪೂಜಾರಿ ಕ್ಲಾಸ್‌ಗೆ ನಡೆಯುತ್ತೆ! ಅದಕ್ಕೆ ಪೂಜಾರಿ ಆಗೋಕೆ ಅವಳನ್ನ ಯಾರು ಬಿಡ್ತಿದ್ರು ಅನ್ನೋದು ಬೇರೆ ಮಾತು.

ಅದೇ ಅಲ್ಟಿಮಾ ಥರದ ಲೆಕ್ಕದಲ್ಲಿ ನೋಡಿ. ಮಾಡ್ತಾ ಮಾಡ್ತಾ ವಿದ್ಯೆ ಏರುತ್ತೆ. ನಮ್ಮಜ್ಜಿ ಭತ್ತ ಕುಟ್ಟಿದ್ದನ್ನ ನಾನು ನೋಡಿಲ್ಲ, ಆದ್ರೆ ಮನೆಯ ಒನಕೆ ಎತ್ತಿ ನೋಡಿದ್ದೀನಿ. ಹತ್ತು ಸಲ ಎತ್ತಿ ಇಳಿಸಿದ್ರೆ ಭುಜ ಹಿಡ್ಕೊಳ್ಳುತ್ತೆ. ಓಬವ್ವ ಚಿಕ್ಕಂದಿನಿಂದ ದಿನಾ ಕುಟ್ಟಿದ್ದಾಳೆ. ಒಂದೇ ಜಾಗಕ್ಕೆ, ಒಂದೇ ಲಯದಲ್ಲಿ, ಒಂದು ಕಾಳೂ ಆಚೆ ಸಿಡಿಯದ ಹಾಗೆ. ಒನಕೆ ವಿದ್ಯೆ ನೂರಕ್ಕೆ ನೂರು. ಯಾರೂ ಅದನ್ನ ಯುದ್ಧವಿದ್ಯೆ ಅಂತ ಎಣಿಸಿರ್ಲಿಲ್ಲ, ಅಷ್ಟೇ. ಕೋಟೆ ಕಟ್ಟಿದೋರು ಕಿಂಡಿಯನ್ನ ಲೆಕ್ಕಕ್ಕೆ ತಗೊಂಡಿರ್ಲಿಲ್ಲ, ನಿಯಮ ಬರೆದೋರು ಒನಕೆಯನ್ನ ತಗೊಂಡಿರ್ಲಿಲ್ಲ.

ಕ್ಲಾಸ್ ಗೋಡೆಯ ಬಗ್ಗೆ ನನ್ನ ತಕರಾರು ಇರೋದೇ ಇಲ್ಲಿ. ನಿಯಮ ಬರೆಯೋನಿಗೆ ಎಲ್ಲಾ ಕಿಂಡಿಗಳೂ ಮೊದಲೇ ಗೊತ್ತಿರಲ್ಲ. “ನೀನು ಇದನ್ನ ಕಲೀಬೇಡ” ಅಂತ ಗೋಡೆ ಹಾಕಿದಾಗ ಆ ಗೋಡೆಯಿಂದ ನಷ್ಟ ಆಗೋದು ಕಲಿಯೋನಿಗೆ ಮಾತ್ರ ಅಲ್ಲ, ಇಡೀ ಕೋಟೆಗೆ.

ಕಥೆ ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು. ಓಬವ್ವ ಉಳಿಸಿದ ಕೋಟೆ 1779ರಲ್ಲಿ ಬಿತ್ತು. ಕೊನೆಯ ನಾಯಕ ಮದಕರಿಯನ್ನ ಹೈದರ್ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ನಮ್ಮೂರಲ್ಲಿ ಇಷ್ಟು ಎಲ್ಲರಿಗೂ ಗೊತ್ತು. ಅದರ ಮುಂದಿನ ಸಾಲು ಬಹಳ ಜನ ಓದಿರಲ್ಲ. ದುರ್ಗದ ಬೇಡರ ಶಕ್ತಿ ಮುರಿಯೋಕೆ ಹೈದರ್ ಅವರನ್ನ ಕುಟುಂಬ ಸಮೇತ ಶ್ರೀರಂಗಪಟ್ಟಣದ ದ್ವೀಪಕ್ಕೆ ಎತ್ತಂಗಡಿ ಮಾಡಿಸಿದ. ಮೈಸೂರು ಗೆಜೆಟಿಯರ್ ಕೊಡೋ ಅಂಕಿ 20,000 ಜನ. ಅವರಲ್ಲಿ ಗಂಡು ಹುಡುಗರನ್ನ ಬೇರೆ ಮಾಡಿ, ಕವಾಯತು ಕಲಿಸಿ, ಪಡೆಗಳನ್ನ ಕಟ್ಟಿದ. ಅವಕ್ಕೆ ‘ಚೇಲಾ’ ಪಡೆ ಅಂತ ಹೆಸರು.

ಈ ಹುಡುಗರನ್ನ ಒಂದು ನಿಮಿಷ ಯೋಚನೆ ಮಾಡಿ. ಬಂಡೆ ಹತ್ತೋದು, ಕುರುಚಲು ಕಾಡಲ್ಲಿ ಜಾಡು ಹಿಡಿಯೋದು, ಸದ್ದಿಲ್ಲದೆ ನಡೆಯೋದು, ಇದು ಅವರ ಅಪ್ಪಂದಿರ ವಿದ್ಯೆ. ಕಾವೇರಿ ನಡುವಿನ ಬಯಲಲ್ಲಿ ಸಾಲಾಗಿ ನಿಂತು ಎಡ ಬಲ ಹಾಕೋಕೆ ಅದು ಬೇಕಾಗಿಲ್ಲ. ಪಾತ್ರದ ವಿದ್ಯೆಗಳನ್ನೆಲ್ಲ ಅಳಿಸಿ ಮತ್ತೆ ಹಂಚೋದಕ್ಕೆ ಗೇಮರ್‌ಗಳು ‘ರೀಸ್ಪೆಕ್’ ಅಂತಾರೆ. ಇಲ್ಲಿ ಬಟನ್ ಒತ್ತಿದ್ದು ಆಡೋನಲ್ಲ, ಗೆದ್ದೋನು.

ಗೇಮ್ ಲೋಕದಲ್ಲಿ ಇದರ ಹತ್ತಿರಕ್ಕೆ ಬರೋ ಒಂದು ಘಟನೆ ಇದೆ. ಹೋಲಿಕೆ ಅತಿಯಾಯ್ತು ಅನ್ನಬೇಡಿ. ಒಂದರಲ್ಲಿ ಬದುಕು ಹೋಗಿತ್ತು, ಇನ್ನೊಂದರಲ್ಲಿ ಆಟ. ವ್ಯತ್ಯಾಸ ನನಗೂ ಗೊತ್ತು. 2003ರ ಜೂನ್‌ನಲ್ಲಿ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಬಂತು. ಅಲ್ಟಿಮಾದ ಮುಖ್ಯ ವಿನ್ಯಾಸಕಾರ ರ‍್ಯಾಫ್ ಕೋಸ್ಟರ್ ಇದಕ್ಕೂ ಕೈ ಹಾಕಿದ್ದ. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಕಸುಬುಗಳು, ಕೈಯಲ್ಲಿ 250 ಅಂಕ, ಬೇಕಾದ ಹಾಗೆ ಬೆರೆಸ್ಕೊಳ್ಳಿ. ದರ್ಜಿ ಆಗಬಹುದು, ಅಡುಗೆಯೋನಾಗಬಹುದು, ಕಾಡುಪ್ರಾಣಿ ಪಳಗಿಸೋನಾಗಬಹುದು. ಯುದ್ಧ ಮಾಡಿ ದಣಿದೋರ ಆಯಾಸ ಹೋಗಬೇಕಂದ್ರೆ ಛತ್ರದಂಥ ಜಾಗಕ್ಕೆ ಬಂದು ಕುಣಿಯೋರ ಮುಂದೆ ಕೂರಬೇಕು. ಗನ್ ಮುಟ್ಟದೇನೇ ವರ್ಷಗಟ್ಟಲೆ ಆಡಿದೋರು ಇದ್ರು, ಊರಿಗೆ ಬೇಕಾದೋರಾಗೇ ಇದ್ರು.

2005ರ ನವೆಂಬರ್‌ನಲ್ಲಿ ಕಂಪನಿ ಇದನ್ನೆಲ್ಲ ತೆಗೆದು 9 ಕ್ಲಾಸ್ ಇಟ್ಟಿತು. ಹೊಸಬರಿಗೆ ಸುಲಭ ಆಗ್ಲಿ, ಸಿನಿಮಾದ ಹೀರೋಗಳ ಥರ ಅನ್ನಿಸ್ಲಿ ಅನ್ನೋದು ಉದ್ದೇಶ. ಪ್ರಾಣಿ ಪಳಗಿಸೋ ಕಸುಬೇ ಮಾಯ. ಎರಡು ವರ್ಷ ಸಾಕಿದ ಪ್ರಾಣಿಗಳನ್ನ ಕಟ್ಕೊಂಡು ಏನು ಮಾಡೋದು? ಕೆಲವೇ ದಿನ ಮುಂಚೆ ದುಡ್ಡು ಕೊಟ್ಟು ಹೊಸ ಎಕ್ಸ್‌ಪ್ಯಾನ್ಷನ್ ಕೊಂಡಿದ್ದವರು ಸಿಟ್ಟಿಗೆದ್ರು, ಕಂಪನಿ ಹಣ ವಾಪಸ್ ಕೊಡೋಕೆ ಒಪ್ಕೊಳ್ಬೇಕಾಯ್ತು. ಹಳಬರು ಗುಂಪು ಗುಂಪಾಗಿ ಬಿಟ್ಟು ಹೋದ್ರು. 2011ರ ಡಿಸೆಂಬರ್‌ನಲ್ಲಿ ಗೇಮ್ ಮುಚ್ಚಿತು. ಆ ಹಳೇ ರೂಪವನ್ನ ಅಭಿಮಾನಿಗಳೇ ಮತ್ತೆ ಕಟ್ಟಿ ಇವತ್ತಿಗೂ ಆಡ್ತಿದ್ದಾರೆ.

9 ಕ್ಲಾಸ್ ಇರೋದೇ ತಪ್ಪಾ? ಅಲ್ಲ. ಮುಂದಿನ ಲೆಕ್ಕ ನೋಡಿ. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲೂ ಮೊದಲಿಗೆ ಇದ್ದದ್ದು 9 ಕ್ಲಾಸೇ, ಅದು ಜಗತ್ತನ್ನೇ ಗೆದ್ದಿತು. ಅಲ್ಲಿ ಬಾಗಿಲಲ್ಲೇ 9 ದಾರಿ ತೋರಿಸಿದ್ರು, ಜನ ಒಪ್ಪಿ ಒಳಗೆ ಬಂದ್ರು. ಕ್ಲಾಸ್ ಒಳಗಿನ ವಿದ್ಯೆಗಳನ್ನ ಅಳಿಸಿ ಮತ್ತೆ ಹಂಚ್ಕೊಳ್ಳೋಕೂ ಬಿಟ್ರು. ಅದಕ್ಕೆ ಗೇಮ್‌ನ ಚಿನ್ನದ ನಾಣ್ಯದಲ್ಲಿ ದಂಡ ಕಟ್ಟಬೇಕಿತ್ತು, ಅಷ್ಟೇ. ಗ್ಯಾಲಕ್ಸೀಸ್‌ನಲ್ಲಿ ಜನ ಒಳಗೆ ಬಂದು ಮನೆ ಕಟ್ಟಿದ ಮೇಲೆ ಗೋಡೆ ಬದಲಾಯಿಸಿದ್ರು.

ಹಾಗಾಗಿ ನನ್ನ ಉತ್ತರ ಇಷ್ಟು. ಎಷ್ಟು ಕಲೀಬಹುದು ಅನ್ನೋದಕ್ಕೆ ಮಿತಿ ಇರ್ಲಿ, ಅದಿಲ್ಲದೆ ಹೊಳಲ್ಕೆರೆಯೋನಂಥ ವೈದ್ಯನಿಗೆ ಜಾಗ ಇರಲ್ಲ. ಯಾವುದನ್ನ ಕಲೀಬಹುದು ಅನ್ನೋದಕ್ಕೆ ಬೇಡ, ಅದರಿಂದ ಓಬವ್ವನ ಕೈ ಕಟ್ಟುತ್ತೆ. ಬಾಣ ಮೇಲೆ ಕೆಳಗೆ ಮಾಡೋ ಅಧಿಕಾರ ಆಡೋನ ಕೈಯಲ್ಲೇ ಇರ್ಲಿ. ವಾರ್‌ಕ್ರಾಫ್ಟ್ ಗೆದ್ದಿದೆಯಲ್ಲ ಅಂತ ನೀವು ಕೇಳಬಹುದು. ಗೆದ್ದಿದೆ, ನಿಜ. ಗೆದ್ದದ್ದೆಲ್ಲ ಸರಿ ಅಂತ ದುರ್ಗದೋನು ಹೇಳೋಕಾಗಲ್ಲ.

ಇನ್ನೊಂದು ಮಾತು ಒಳಗೇ ಕೊರೀತಿತ್ತು, ಹೇಳಿಬಿಡ್ತೀನಿ. ಹತ್ತನೇ ಕ್ಲಾಸ್ ಆದ್ಮೇಲೆ ಪಿಯುಸಿ ಅರ್ಜಿಯಲ್ಲಿ ಒಂದು ಚೌಕಕ್ಕೆ ಟಿಕ್ ಹಾಕ್ಬೇಕು, ನೆನಪಿದೆಯಾ? ಇತಿಹಾಸ ಇದ್ದ ಕಾಮರ್ಸ್ ಕಾಂಬಿನೇಷನ್ ನಾನು ಸೇರಿದ ಕಾಲೇಜಲ್ಲಿ ಇರ್ಲಿಲ್ಲ. ಅದರ ಬದಲು ಸ್ಟ್ಯಾಟಿಸ್ಟಿಕ್ಸ್ ಬಂತು. ಹದಿನಾರನೇ ವಯಸ್ಸಿಗೆ ಕ್ಲಾಸ್ ಸೆಲೆಕ್ಟ್ ಆಗಿಹೋಯ್ತು. ಈಗ ರಾತ್ರಿ ಹೊತ್ತು ಮೈಕ್ ಮುಂದೆ ಕೂತು ಕೆಳಗಿದ್ದ ಬಾಣವನ್ನ ಮೇಲಕ್ಕೆ ತಿರುಗಿಸ್ತಾ ಇದ್ದೀನಿ. ನನಗೆ ಸಾಧ್ಯ ಆಯ್ತು. ಹೊಸದುರ್ಗದೋನ ತಾತನಿಗೆ ಆಗಿರ್ಲಿಲ್ಲ.

ಹೋದ ಭಾನುವಾರ ನಾಲ್ಕೂ ಜನ ಕೋಟೆ ಹತ್ತಿದ್ವಿ. ಕಿಂಡಿ ಹತ್ತಿರ ನಿಂತು ಹೊಸದುರ್ಗದೋನಿಗೆ ಎದುರಿಗೇ ಹೇಳಿದೆ: ಆಯಗಾರರ ಮಾತು ನಾನು ಆಡ್ಬಾರದಿತ್ತು ಕಣೋ. “ಆಡ್ದೇ ಇದ್ದಿದ್ರೆ ನಿನಗೆ ಒಂದು ಎಪಿಸೋಡ್ ಸಿಗ್ತಿರ್ಲಿಲ್ಲ ಬಿಡು” ಅಂದ. ಹಿರಿಯೂರಿನೋನು ಬೆನ್ನಿಗೆ ಬ್ಯಾಗ್ ಹಾಕ್ಕೊಂಡೇ ಕಿಂಡಿಯಲ್ಲಿ ತೂರೋಕೆ ಹೋಗಿ ಸಿಕ್ಕಿಹಾಕ್ಕೊಂಡ. ಎಲ್ಲಾ ಸಾಮಾನೂ ಹೊತ್ಕೊಂಡು ಬರೋನಿಗೆ ಇಲ್ಲಿ ದಾರಿ ಇಲ್ಲ ಅಂತ ಹೊಳಲ್ಕೆರೆಯೋನು ನಗ್ತಾ ಅವನ ಬ್ಯಾಗ್ ಬಿಚ್ಚಿದ. ಬಂಡೆಗೆ ಉಜ್ಜಿ ಮೊಣಕೈ ತರಚಿತ್ತು. ಬ್ಯಾಂಡೇಜ್ ಇದ್ದದ್ದೂ ಹೊಳಲ್ಕೆರೆಯೋನ ಜೇಬಲ್ಲೇ.

ನಾವು ಮತ್ತೆ ಬೇರೆ ಗೇಮ್ ಶುರು ಮಾಡಿದ್ದೀವಿ, ಒಟ್ಟು ಅಂಕಕ್ಕೆ ಮಿತಿ ಇರೋದು. ಹೊಳಲ್ಕೆರೆಯೋನು ಈ ಸಲ ವೈದ್ಯ ಅಲ್ಲ, ಬಿಲ್ಲುಗಾರ ಆಗಿದ್ದಾನೆ. ಔಷಧಿ ವಿದ್ಯೆ ಕಲೀತಿರೋದು ನಾನು. ಮೊದಲ ರಾತ್ರಿ ಮೂವರನ್ನೂ ಸಾಯಿಸಿದೆ.

ಮುಂದಿನ ಎಪಿಸೋಡ್ ಹಿರಿಯೂರಿನ ಮಾರಿಕಣಿವೆ ಬಗ್ಗೆ. ಅಲ್ಲೀವರೆಗೆ, ನಿಮ್ಮ ಪಾತ್ರ ಯಾವುದು ಅಂತ ವಾಯ್ಸ್ ನೋಟ್ ಕಳಿಸಿ. ಬರ್ತೀನಿ.